ಮೂರು ಪ್ರತಿಗಳಲ್ಲಿ ಒಂದು ಗುಟ್ಟು

ಜನ ಮಾಸ್ಕನ್ನು ಮೂಗಿನಿಂದ ಗದ್ದಕ್ಕೂ ಗದ್ದದಿಂದ ಜೇಬಿಗೂ ಇಳಿಸಿ ಮುಗಿಸಿದ್ದ ವರ್ಷ ಅದು. ನಾನಾಗ ಕೊಳ್ಳೇಗಾಲದ ಕುಡಿಯುವ ನೀರಿನ ಕಚೇರಿಯೊಂದರಲ್ಲಿ ಗಣಕ ಶಾಖೆಯ ಅಧೀಕ್ಷಕನಾಗಿದ್ದೆ. ಶಾಖೆ ಎಂದರೆ ದೊಡ್ಡದೇನೂ ಅಲ್ಲ. ನಾನು, ಎರಡು ಕಂಪ್ಯೂಟರು, ರಿಪೇರಿಯ ಮಂಜೂರಾತಿಗೆ ಕಾಯುತ್ತ ಕೂತಿದ್ದ ಒಂದು ಪ್ರಿಂಟರು, ಅಷ್ಟೇ. ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಯಳಂದೂರಿನ ಮನೆಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುವ ನಡುವೆ ಸರ್ಕಾರದ ಗುಟ್ಟುಗಳನ್ನು ಕಾಯುವುದೇ ನನ್ನ ಕೆಲಸ ಎಂದು ನಾನು ತಿಳಿದಿದ್ದೆ. ಬೇರೆ ಯಾರೂ ಹಾಗೆ ತಿಳಿದಿರಲಿಲ್ಲ.

ಅನುಮಾನ ನನಗೆ ಟೈಪ್‌ರೈಟರ್ ಕಾಲದಿಂದ ಅಂಟಿದ ಗುಣ. ಬಳಸಿದ ಕಾರ್ಬನ್ ಹಾಳೆಯನ್ನು ಬೆಳಕಿಗೆ ಹಿಡಿದರೆ ಟೈಪ್ ಮಾಡಿದ್ದೆಲ್ಲ ಓದಲು ಸಿಗುತ್ತದೆ. ಆದ್ದರಿಂದ ದಿನದ ಕೊನೆಗೆ ಕಾರ್ಬನ್ ಹಾಳೆಗಳನ್ನು ಎಣಿಸಿ, ಹರಿದು, ಆಮೇಲೆ ಮನೆಗೆ ಹೋಗುತ್ತಿದ್ದ ಗುಮಾಸ್ತ ನಾನು. ಇಷ್ಟು ಎಚ್ಚರದ ಮನುಷ್ಯ ಮುಂದೆ ಏನು ಮಾಡಿದ ಎಂಬುದೇ ಈ ಕಥೆ.

ನಮ್ಮ ಯೋಜನೆಯಲ್ಲಿ ನದಿಯ ನೀರನ್ನು ಶುದ್ಧ ಮಾಡಿ, ಕೊಳ್ಳೇಗಾಲದಿಂದ ಹನೂರಿನ ಕಡೆಗೆ ಒಂದೇ ದೊಡ್ಡ ಪೈಪಿನಲ್ಲಿ ಕಳಿಸುತ್ತಿದ್ದೆವು. ದಾರಿಯುದ್ದಕ್ಕೂ ಇಪ್ಪತ್ತಾರು ಓವರ್‌ಹೆಡ್ ಟ್ಯಾಂಕುಗಳು. ಎಲ್ಲ ಟ್ಯಾಂಕಿಗೂ ಒಟ್ಟಿಗೆ ನೀರು ಬಿಡಲಾಗದು. ಮೊದಲಿನವು ಕುಡಿದುಬಿಟ್ಟರೆ ಕೊನೆಯವಕ್ಕೆ ಗಾಳಿಯೇ ಗತಿ. ಅದಕ್ಕೆ ಸರದಿ. ಮೊದಲೆಲ್ಲ ನೀರಗಂಟಿ ಮಾದೇವಸ್ವಾಮಿ ಟಿವಿಎಸ್ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಹೇರಿಕೊಂಡು ಹೋಗಿ ಒಂದೊಂದೇ ವಾಲ್ವ್ ತಿರುಗಿಸಿ ಬರುತ್ತಿದ್ದ. ಆಮೇಲೆ ವಾಲ್ವುಗಳಿಗೆ ಮೋಟರು ಬಂತು, ಮೋಟರಿಗೆ ಕಂಪ್ಯೂಟರು ಬಂತು. ಇಂಟರ್ನೆಟ್ಟಿನಲ್ಲಿ ನಮ್ಮದೊಂದು ಪುಟ. ಮೇಲ್ಗಡೆ ‘ಇವತ್ತಿನ ಸರದಿ’, ಅದನ್ನು ಯಾರು ಬೇಕಾದರೂ ನೋಡಬಹುದು. ಕೆಳಗೆ ಸಿಬ್ಬಂದಿಗೆಂದು ಪಾಸ್‌ವರ್ಡ್ ಕೇಳುವ ಒಂದು ಚೌಕ. ಸರಿಯಾದ ಪಾಸ್‌ವರ್ಡ್ ಕೊಟ್ಟರೆ ವಾಲ್ವುಗಳು ಮಾತು ಕೇಳುತ್ತವೆ. ಎಲ್ಲರಿಗೂ ಸೇರಿ ಒಂದೇ ಪಾಸ್‌ವರ್ಡ್. ಅದು ಗೊತ್ತಿದ್ದದ್ದು ನಾಲ್ವರಿಗೆ: ನಮ್ಮ ಎಂಜಿನಿಯರ್ ಸಾಹೇಬರಿಗೆ, ಮಾದೇವಸ್ವಾಮಿಗೆ, ಪ್ರೋಗ್ರಾಂ ಬರೆದುಕೊಟ್ಟ ಗುತ್ತಿಗೆದಾರ ಗಿರೀಶನಿಗೆ, ಮತ್ತು ಅರಗಿನ ಮುದ್ರೆಯ ಲಕೋಟೆಯಲ್ಲಿ ಅದನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದ ನನಗೆ.

ದೂರು ಶುರುವಾದದ್ದು ಶಾಗ್ಯದ ಕಡೆಯಿಂದ. ಫೋನಿನಲ್ಲಿ ಒಬ್ಬ ಹೆಣ್ಣುಮಗಳು, ಹೆಸರು ಹೇಳುವ ಗೋಜಿಗೇ ಹೋಗಲಿಲ್ಲ.

“ಸಾ, ನಿಮ್ ಕಂಪ್ಯೂಟ್ರಲ್ಲಿ ನಮ್ಗೆ ಮದ್ಯಾನ ನೀರು ಬುಟ್ಟಿವ್ರಿ ಅಂತ ಅದೆ. ನಲ್ಲಿ ನೋಡುದ್ರೆ ಬಾಯ್ ಬುಟ್ಕಂಡು ನಿಂತದೆ. ಕಂಪ್ಯೂಟ್ರುನ್ನೇ ಇಂಡಿ ಕುಡುದ್ಬುಡ್ಲಾ?”

ಪ್ರೋಗ್ರಾಂ ಇಟ್ಟಿದ್ದ ದಾಖಲೆಯನ್ನು ತೆಗೆದು ನೋಡಿದೆ. ಯಾವ ವಾಲ್ವ್ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂದು ಕಂಪ್ಯೂಟರು ತಾನೇ ಬರೆದುಕೊಳ್ಳುವ ಪಟ್ಟಿ ಅದು, ಲಾಗ್ ಎನ್ನುತ್ತಾರೆ. ಐದು ತಿಂಗಳಲ್ಲಿ ಹತ್ತೊಂಬತ್ತು ಸಲ, ಸರದಿ ಇಲ್ಲದ ದಿನ, ಮಧ್ಯಾಹ್ನದ ಹೊತ್ತು, ಹನ್ನೆರಡನೇ ನಂಬರಿನ ಟ್ಯಾಂಕಿನ ವಾಲ್ವ್ ತೆರೆದುಕೊಂಡಿತ್ತು. ಒಂದೂವರೆ ಗಂಟೆ, ಎರಡು ಗಂಟೆ. ಆ ಹೊತ್ತಿನಲ್ಲಿ ಅದರಾಚೆಯ ಊರುಗಳಿಗೆಲ್ಲ ಒತ್ತಡ ಬಿದ್ದುಹೋಗಿ ನೀರು ನಿಂತಿದೆ. ಯಾರು ತೆರೆದದ್ದು ಎಂಬ ಕಾಲಮ್ಮಿನಲ್ಲಿ ಹತ್ತೊಂಬತ್ತು ಸಲವೂ ಒಂದೇ ಹೆಸರು: ‘ಆಪರೇಟರ್’. ಹೆಸರೇನೋ ಆಯಿತು, ಆದರೆ ಆ ಹೆಸರಿನ ಮನುಷ್ಯ ಯಾರೂ ಇರಲಿಲ್ಲ. ನಾವು ನಾಲ್ವರೂ ‘ಆಪರೇಟರ್’ ಆಗಿಯೇ ಒಳಗೆ ಹೋಗುತ್ತಿದ್ದೆವು.

ಹನ್ನೆರಡನೇ ಟ್ಯಾಂಕಿನ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಊರಿನ ತಪ್ಪೇನೂ ಇಲ್ಲ. ಆದರೆ ಅದು ಮಾದೇವಸ್ವಾಮಿಯ ಹೆಂಡತಿಯ ತವರು. ಈ ಸಂಗತಿ ತಿಳಿದ ಗಳಿಗೆಯಿಂದ ಸಾಹೇಬರಿಗೆ ಇನ್ನೇನೂ ತಿಳಿಯಬೇಕಿರಲಿಲ್ಲ.

“ಭಾವಮೈದುನನ ಊರು ಕಣ್ರೀ,” ಎಂದರು. “ನಿಮಗೆ ಹದಿನೈದು ದಿವಸ. ವಿಚಾರಣೆ ಮಾಡಿ ವರದಿ ಕೊಡಿ. ಕಾಯಂ ಪಟ್ಟಿ ಆ ವಾರವೇ ಮೇಲಕ್ಕೆ ಹೋಗಬೇಕು.”

ಕಾಯಂ ಪಟ್ಟಿ ಎಂದರೆ ದಿನಗೂಲಿ, ಗುತ್ತಿಗೆ ಎಂದು ವರ್ಷಗಟ್ಟಲೆ ದುಡಿದವರನ್ನು ಕಾಯಂ ನೌಕರರನ್ನಾಗಿ ಮಾಡುವ ಪಟ್ಟಿ. ನಮ್ಮ ಕಚೇರಿಯಿಂದ ಹೋಗಬೇಕಿದ್ದದ್ದು ಒಂದೇ ಹೆಸರು. ಮಾದೇವಸ್ವಾಮಿ, ಹದಿನೇಳು ವರ್ಷದ ಸೇವೆ. ನನ್ನ ವರದಿ ಅವನ ವಿರುದ್ಧ ಹೋದರೆ ಪಟ್ಟಿಯಿಂದಷ್ಟೇ ಅಲ್ಲ, ಕೆಲಸದಿಂದಲೇ ಹೊರಗೆ. ಆ ಪಟ್ಟಿ ಇನ್ನೊಂದು ಸಲ ಬರುವ ಹೊತ್ತಿಗೆ ಅವನ ವಯಸ್ಸು ಮೀರಿರುತ್ತಿತ್ತು.

ಅವನನ್ನು ಕರೆಸಿದೆ. ಮುಳ್ಳೂರಿನವನು, ನಲವತ್ತು ದಾಟಿದವನು, ಅಂಗೈ ತುಂಬ ವಾಲ್ವ್ ಕೀಲಿಯ ಜಡ್ಡು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಪಾಸ್‌ವರ್ಡ್ ಯಾರಿಗಾದರೂ ಹೇಳಿದ್ದೀಯೇನಯ್ಯಾ?”

“ಇಲ್ಲ ಕಣ್ಸಾ.”

“ಹೆಂಡತಿಗೆ?”

“ಅವ್ಳಿಗೆ ನನ್ ಸಂಬ್ಳನೇ ಯೋಳಿಲ್ಲ, ಇದ್ನ ಯೋಳ್ನಾ?”

“ಭಾವಮೈದ?”

“ಅವ್ನು ನಂಜೊತೆ ಮಾತ್ಬುಟ್ಟು ಆರು ವರ್ಸ ಆಯ್ತು ಸಾ. ಅವ್ರೂರ್ಗೆ ನೀರ್ ಕಮ್ಮಿ ಬುಡ್ತೀನಿ ಅಂತ.”

ಇದನ್ನು ನಾನು ಬರೆದುಕೊಂಡೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಬೇಕೆಂದೇ ಹೀಗೆ ಜಗಳದ ಕಥೆ ಕಟ್ಟಿದ್ದರೆ? ಅವನು ತನ್ನ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟ. ಕಂಪ್ಯೂಟರು ಬಂದ ಮೇಲೂ ತಾನು ತೆರೆದ ಪ್ರತಿ ವಾಲ್ವನ್ನೂ ಅದರಲ್ಲಿ ಕೈಯಾರೆ ಬರೆದಿದ್ದ. ಆ ಹತ್ತೊಂಬತ್ತರಲ್ಲಿ ಒಂದೂ ಅದರಲ್ಲಿರಲಿಲ್ಲ. ನಾನು ಅದನ್ನು ಸಾಹೇಬರಿಗೆ ತೋರಿಸಿದೆ.

“ಕಳ್ಳ ತನ್ನ ಡೈರಿಯಲ್ಲಿ ಕದ್ದದ್ದು ಬರೀತಾನೇನ್ರೀ?” ಎಂದರು ಸಾಹೇಬರು.

ಮಾತು ನನಗೆ ಸರಿಯೆನಿಸಿತು. ಅನುಮಾನದ ಗುಣವೇ ಅದು. ಅವನು ಬರೆದಿದ್ದರೆ ಸಾಕ್ಷಿ, ಬರೆಯದಿದ್ದರೆ ಜಾಣತನ.

ನಂತರ ಒಂದು ವಾರ ನಾನು ಪತ್ತೇದಾರನಾದೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಪಂಪ್‌ಹೌಸಿಗೆ ಏನೋ ನೆಪ ತೆಗೆದು ಹೋಗಿ ಅವನ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ಅವನು ಫೋನು ತೆಗೆದರೆ ನಾನು ಕನ್ನಡಕ ತೆಗೆಯುತ್ತಿದ್ದೆ. ನಾಲ್ಕನೇ ದಿನ ಅವನು ತಿರುಗಿ ನೋಡದೆಯೇ, “ಕುಂತ್ಕಳಿ ಸಾ, ನಿಂತು ನಿಂತು ಕಾಲ್ ನೋಯ್ತದೆ,” ಎಂದು ಸ್ಟೂಲು ಸರಿಸಿದ. ಇದನ್ನೂ ಬರೆದುಕೊಂಡೆ: ‘ಆರೋಪಿಯು ಅಸಹಜವಾಗಿ ಶಾಂತನಾಗಿದ್ದಾನೆ.’

ಗಿರೀಶನನ್ನೂ ಬಿಡಲಿಲ್ಲ. ಮೈಸೂರಿನಿಂದ ಕರೆಸಿದೆ. ಪಾಸ್‌ವರ್ಡ್ ನಿನ್ನ ಪ್ರೋಗ್ರಾಮಿನಿಂದ ಸೋರಿರಬಹುದೇ ಎಂದು ಕೇಳಿದರೆ ಅವನು ಸಣ್ಣಗೆ ನಕ್ಕ. ಇಲ್ಲಿ ಸಾಮಾನ್ಯ ಓದುಗರಿಗೆ ಒಂದು ಮಾತು. ಪ್ರೋಗ್ರಾಂ ಎಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳ ಸಾಲು ಸಾಲು ಬರಹ, ಇದಕ್ಕೆ ಸೋರ್ಸ್ ಕೋಡ್ ಎನ್ನುತ್ತಾರೆ. ನಮ್ಮ ಪಾಸ್‌ವರ್ಡನ್ನು ಗಿರೀಶ ಆ ಬರಹದೊಳಗೇ ಬರೆದಿಟ್ಟಿದ್ದ. ಬಂದವನು ಟೈಪ್ ಮಾಡಿದ ಪದ ಒಳಗೆ ಬರೆದಿಟ್ಟ ಪದಕ್ಕೆ ಸರಿಹೊಂದಿದರೆ ಬಾಗಿಲು ತೆರೆ ಎಂಬುದು ಆದೇಶ. ಹಾಗಾದರೆ ಆ ಬರಹ ಓದಿದವನಿಗೆ ಪಾಸ್‌ವರ್ಡ್ ಸಿಕ್ಕಿಬಿಡುವುದಿಲ್ಲವೇ? ಸಿಗಬಾರದೆಂದು ಅದನ್ನು ವೇಷ ಹಾಕಿ ಇಟ್ಟಿದ್ದ. ಈ ವೇಷ ಹಾಕುವುದಕ್ಕೆ ಅವರ ಭಾಷೆಯಲ್ಲಿ ಆಬ್‌ಫಸ್ಕೇಷನ್ ಎಂಬ ಹೆಸರಿದೆ. ನಮ್ಮ ಕಚೇರಿಯಲ್ಲಿ ಅದನ್ನು ಉಚ್ಚರಿಸಬಲ್ಲವರು ಇರಲಿಲ್ಲವಾದ್ದರಿಂದ ಎಲ್ಲರಿಗೂ ಅದರ ಮೇಲೆ ಗೌರವವಿತ್ತು.

ಗಿರೀಶ ಪರದೆಯ ಮೇಲೆ ಆ ಸಾಲನ್ನು ತೋರಿಸಿದ. ಎಡಗಡೆ ‘ಕಸ’ ಎಂದು ಹೆಸರು, ಬಲಗಡೆ ಇದು:

UÀAUÀªÀÄä vÁ¬Ä

“ಏನು ಕಾಣುತ್ತೆ ಸರ್?”

“ಏನೂ ಕಾಣುವುದಿಲ್ಲ.”

“ಅದೇ ಬೇಕಿದ್ದದ್ದು. ನೋಡಿದೋರು ಫೈಲ್ ಕೆಟ್ಟಿದೆ ಅಂದ್ಕೊಂಡು ಮುಂದಕ್ಕೆ ಹೋಗ್ತಾರೆ. ಮತ್ತೆ ನೀವೇ ಸರ್ಟಿಫಿಕೇಟ್ ಕೊಟ್ಟಿದ್ದೀರಲ್ಲ ಸರ್?”

ಕೊಟ್ಟಿದ್ದೆ. ಯೋಜನೆ ಒಪ್ಪಿಸಿಕೊಳ್ಳುವಾಗ ನಿಯಮದಂತೆ ಸೋರ್ಸ್ ಕೋಡನ್ನು ಮೂರು ಮುದ್ರಿತ ಪ್ರತಿಗಳಲ್ಲಿ, ಬೈಂಡ್ ಮಾಡಿಸಿ, ಪ್ರತಿ ಪುಟದ ನೆತ್ತಿಯ ಮೇಲೆ ‘ಗೋಪ್ಯ’ ಎಂದು ಅಚ್ಚು ಹಾಕಿಸಿ, ಕಡತಕ್ಕೆ ಸೇರಿಸಿದ್ದೆ. ಮೊದಲ ಪುಟದಲ್ಲಿ ನನ್ನ ಪ್ರಮಾಣಪತ್ರ: ‘ಪಾಸ್‌ವರ್ಡನ್ನು ಯಾವ ಮನುಷ್ಯನೂ ಓದಲಾರದ ರೂಪದಲ್ಲಿ ಇಡಲಾಗಿದೆಯೆಂದು ಖುದ್ದು ಪರಿಶೀಲಿಸಿ ದೃಢೀಕರಿಸಿದ್ದೇನೆ.’ ಸಹಿ, ಮೊಹರು. ಪರಿಶೀಲನೆ ಮಾಡಿದ್ದೂ ಸುಳ್ಳಲ್ಲ. ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ನೋಡಿದ್ದೆ. ಎರಡು ಸಲವೂ ಓದಲಾಗಿರಲಿಲ್ಲ.

ಹಾಗಾಗಿ ಕೋಡಿನಿಂದ ಸೋರಿಲ್ಲ ಎಂದಾಯಿತು. ಮೈಸೂರಿನ ಗಿರೀಶನಿಗೆ ಹನ್ನೆರಡನೇ ಟ್ಯಾಂಕಿನ ನೀರಿನಿಂದ ಆಗಬೇಕಾದದ್ದೇನೂ ಇರಲಿಲ್ಲ. ಸಾಹೇಬರನ್ನು ಅನುಮಾನಿಸುವಷ್ಟು ಸೇವಾವಧಿ ನನಗೆ ಉಳಿದಿರಲಿಲ್ಲ. ನನ್ನ ಲಕೋಟೆಯ ಅರಗು ಒಡೆದಿರಲಿಲ್ಲ. ಉಳಿದವನು ಒಬ್ಬನೇ. ಹದಿಮೂರನೇ ದಿನ ಕೂತು ವರದಿ ಬರೆದೆ: ‘ಗುತ್ತಿಗೆ ನೌಕರ ಮಾದೇವಸ್ವಾಮಿಯೇ ಪಾಸ್‌ವರ್ಡನ್ನು ದುರುಪಯೋಗಪಡಿಸಿಕೊಂಡಿರುವುದು ಮೇಲ್ನೋಟಕ್ಕೆ ಕಂಡುಬಂದಿದೆ.’ ಏನೂ ಗೊತ್ತಿಲ್ಲದಾಗ ಬರೆಯಲು ಸರ್ಕಾರ ನಮಗೆ ಕೊಟ್ಟಿರುವ ವರ, ಆ ‘ಮೇಲ್ನೋಟಕ್ಕೆ’. ವರದಿಯ ಅನುಬಂಧವಾಗಿ ಕೋಡಿನ ಆ ಒಂದು ಪುಟವನ್ನೂ ಸೇರಿಸಿದೆ, ಸಾಹೇಬರ ಸಾಹೇಬರಿಗೂ ಅದನ್ನು ಓದಲಾಗದು ಎಂದು ಮನದಟ್ಟಾಗಲಿ ಎಂದು.

ನಮ್ಮ ಪ್ರಿಂಟರಿಗೆ ಇನ್ನೂ ಮಂಜೂರಾತಿ ಬಂದಿರಲಿಲ್ಲ. ಪೆನ್ ಡ್ರೈವ್ ಹಿಡಿದು ಬಸ್ ನಿಲ್ದಾಣದ ಹತ್ತಿರದ ನಾಗರತ್ನಮ್ಮನ ಡಿಟಿಪಿ ಅಂಗಡಿಗೆ ಹೋದೆ. ಆಕೆ ಇಪ್ಪತ್ತೆರಡು ವರ್ಷದಿಂದ ಲಗ್ನಪತ್ರಿಕೆ, ಕರಪತ್ರ, ತಿಥಿ ಕಾರ್ಡು, ಅರ್ಜಿ ಎಲ್ಲವನ್ನೂ ಟೈಪ್ ಮಾಡಿಕೊಡುತ್ತಿದ್ದ ಹೆಂಗಸು. ಮಾತು ನಿಲ್ಲುತ್ತಿರಲಿಲ್ಲ, ಬೆರಳೂ ನಿಲ್ಲುತ್ತಿರಲಿಲ್ಲ. ವರದಿಯ ಪುಟಗಳು ಹೊರಬಂದವು. ಕೊನೆಗೆ ಅನುಬಂಧದ ಪುಟ ಪರದೆಯ ಮೇಲೆ ತೆರೆದಾಗ ಆಕೆ ನಕ್ಕುಬಿಟ್ಟರು.

“ಓ, ಇದು ಮತ್ತೆ ಬಂತಾ ಸಾ! ಗಂಗಮ್ಮ ತಾಯಿ!”

ನನ್ನ ಕೈಯಲ್ಲಿದ್ದ ಕಾಫಿ ಲೋಟ ಮೇಜಿನ ಮೇಲೆ ತಾನಾಗಿ ಕೂತಿತು. ಗಂಗಮ್ಮ ತಾಯಿ. ಅದೇ ನಮ್ಮ ಪಾಸ್‌ವರ್ಡ್. ಅರಗಿನ ಮುದ್ರೆಯೊಳಗೆ ನಾನು ಮಲಗಿಸಿಟ್ಟಿದ್ದ ಪದ.

“ಅಮ್ಮಾ, ಏನಂದಿರಿ?”

“ಬರ್ದದಲ್ಲ ಸಾ, ಇಲ್ಲಿ.” ಆಕೆ ಬೆರಳಿಟ್ಟು ತೋರಿಸಿದ್ದು ಆ ‘ಕಸ’ದ ಸಾಲನ್ನು.

“ಇದನ್ನು ಓದಕ್ಕಾಗುತ್ತಾ ನಿಮಗೆ?”

“ಅಯ್ಯೋ, ಇದೇನ್ ಸಾ? ಯೂನಿಕೋಡ್ ಬರಾಕ್ ಮುಂಚೆ ಇದ್ವಲ್ಲ ಕನ್ನಡ ಫಾಂಟು, ಅದುರ್ದು. ಫಾಂಟ್ ಇಲ್ದಿರ ಕಂಪ್ಯೂಟ್ರಲ್ಲಿ ಫೈಲ್ ತಗದ್ರೆ ಇಂಗೇ ಕಾಣದು. ದಿನಾ ಒಬ್ರಲ್ಲ ಒಬ್ರು ತಕಂಡ್ ಬತ್ತರೆ, ಫೈಲ್ ಕೆಟ್ಟೋಗದೆ ಅಂತ. ಇಪ್ಪತ್ ವರ್ಸ ನೋಡುದ್ರೆ ಎಮ್ಮೆನೂ ಓದ್ತದೆ ಸಾ. ಈ ಯು, ಮೇಲೆ ಟೋಪಿ ಆಕಂಡಿರ ಎ, ಇವೆರ್ಡೂ ಸೇರುದ್ರೆ ಗ. ಆಮ್ಯಾಕೆ ಬರಾ ಬೋಳು ಎ ಸೊನ್ನೆ. ಗಂ.”

ಯೂನಿಕೋಡ್ ಎಂದರೆ ಈಗ ಎಲ್ಲ ಫೋನುಗಳಲ್ಲೂ ಕನ್ನಡ ಕಾಣಿಸುವ ವ್ಯವಸ್ಥೆ. ಅದಕ್ಕೂ ಮೊದಲಿನ ಫಾಂಟುಗಳು ಒಳಗೊಳಗೇ ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಮುಖವಾಡ ತೊಡಿಸುತ್ತಿದ್ದವು. ಫಾಂಟು ತೆಗೆದರೆ ಮುಖವಾಡ ಕಳಚಿ ಈ ಕಸ ಉಳಿಯುತ್ತದೆ. ಗಿರೀಶ ಮಾಡಿದ್ದು ಅಷ್ಟೇ. ಕನ್ನಡದಲ್ಲಿ ಟೈಪಾದದ್ದನ್ನು ಪ್ರೋಗ್ರಾಂ ಹಳೇ ಫಾಂಟಿನ ರೂಪಕ್ಕೆ ತಿರುಗಿಸಿ, ಆ ಸಾಲಿನ ಜೊತೆ ಹೋಲಿಸುತ್ತಿತ್ತು. ಯಾವ ಮನುಷ್ಯನೂ ಓದಲಾರ ಎಂದು ನಾನು ದೃಢೀಕರಿಸಿದ್ದೆ. ಕನ್ನಡ ನಾಡಿನ ಪ್ರತಿ ಊರಿನ ಬಸ್ ನಿಲ್ದಾಣದ ಪಕ್ಕ ಅದನ್ನು ಓದಬಲ್ಲ ಮನುಷ್ಯರೊಬ್ಬರು ಕೂತಿರುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ.

“ಮತ್ತೆ ಬಂತಾ ಅಂದಿರಲ್ಲ, ಮೊದಲೂ ನೋಡಿದ್ದಿರಾ?”

“ನೀವೇ ತಾನೇ ತಂದಿದ್ರಿ ಸಾ? ಮೂರ್ ಕಾಪಿ, ಸ್ಪೈರಲ್ ಬೈಂಡಿಂಗು. ಪ್ರತಿ ಪುಟ್ದಲ್ಲೂ ‘ಗೋಪ್ಯ’ ಅಂತ ಟೈಪ್ ಮಾಡಿ ಅಂತ ನೀವೇ ಯೋಳುದ್ರಿ. ಅದ್ಕೇ ಒಂದೊಂದ್ ಪುಟನೂ ತಗದ್ ನೋಡ್ದಿ. ಇಲ್ದಿದ್ರೆ ಯಾರ್ ಓದರು ಸಾ ಆ ಪುರಾಣವ?”

ಗೋಪ್ಯವಾಗಿಡಲು ನಾನು ತೆಗೆದುಕೊಂಡ ಕ್ರಮದ ಫಲವಾಗಿಯೇ ಅದು ಓದಲ್ಪಟ್ಟಿತ್ತು.

ನಾಗರತ್ನಮ್ಮ ಮಾತು ಮುಂದುವರಿಸಿದರು. ಕಾಗದದ ನೆತ್ತಿಗೆ ‘ಶ್ರೀ’ ಹಾಕುವ ಹಾಗೆ ನೀರಿನ ಆಫೀಸಿನವರು ಕಂಪ್ಯೂಟರಿಗೂ ಗಂಗಮ್ಮನ ಹೆಸರು ಹಾಕಿದ್ದಾರೆಂದು ಆಕೆ ಮೊದಲು ಅಂದುಕೊಂಡರಂತೆ. ಕೆಳಗಿನ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಇದು ಹೊಂದಿದರೆ ವಾಲ್ವ್ ತೆರೆ ಎಂದಿದ್ದದ್ದನ್ನು ಕಂಡು ನಗು ಬಂತಂತೆ.

“ಅವತ್ತು ಅಂಗ್ಡೀಲಿ ಇದ್ದೋರ್ಗೂ ಯೋಳ್ದಿ. ನೋಡಿ, ‘ಗಂಗಮ್ಮ ತಾಯಿ’ ಅಂತ ಕೂಗುದ್ರೆ ವಾಲು ತಾನೇ ತಕಂಡದಂತೆ ಅಂತ. ಎಲ್ರೂ ನಗಾಡುದ್ರು.”

“ಎಲ್ಲರೂ ಅಂದರೆ ಯಾರ್ಯಾರು?”

ಈಗ ಆಕೆಯ ನಗು ನಿಂತಿತು. ನನ್ನ ಮುಖದಲ್ಲಿ ಏನೋ ಕಂಡಿರಬೇಕು. ಸ್ವಲ್ಪ ಯೋಚಿಸಿ ಹೇಳಿದರು. ಪತ್ರಿಕೆ ಮಾಡಿಸಲು ಬಂದಿದ್ದ ಒಂದು ಸಂಸಾರ, ಅವರು ಮೈಸೂರಿನವರು. ಇನ್ನೊಬ್ಬರು ಹನೂರು ರಸ್ತೆಯ ಒಂದು ಕಲ್ಯಾಣ ಮಂಟಪದ ಮ್ಯಾನೇಜರು. ಮಂಟಪ ಇದ್ದದ್ದು ಹನ್ನೆರಡನೇ ಟ್ಯಾಂಕಿನ ಊರಿನಲ್ಲಿ.

ಎದುರಿನ ಗೋಡೆಯ ಮೇಲೆ ಮುಹೂರ್ತಗಳನ್ನು ಕೆಂಪಿನಲ್ಲಿ ಗುರುತು ಹಾಕಿದ್ದ ಕ್ಯಾಲೆಂಡರು ನೇತಾಡುತ್ತಿತ್ತು. ಲಗ್ನಪತ್ರಿಕೆಯ ಅಂಗಡಿಗೆ ಅದಿಲ್ಲದೆ ನಡೆಯುವುದಿಲ್ಲ. ನನ್ನ ಚೀಲದಿಂದ ಲಾಗಿನ ಪಟ್ಟಿ ತೆಗೆದು ಒಂದೊಂದೇ ತಾರೀಖು ಓದಿದೆ, ನಾಗರತ್ನಮ್ಮ ಕ್ಯಾಲೆಂಡರಿನ ಹಾಳೆ ತಿರುವಿದರು. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಮುಹೂರ್ತದ ಹಿಂದಿನ ದಿನದ ಮಧ್ಯಾಹ್ನಗಳು, ಬೀಗರು ಬಂದಿಳಿಯುವ ಮೊದಲು ಸಂಪು ತುಂಬಿಸುವ ಹೊತ್ತು. ಆಷಾಢದಲ್ಲಿ ಮಾತ್ರ ಒಂದೂ ಇರಲಿಲ್ಲ. ನೀರು ಕದಿಯುವ ನೀರಗಂಟಿ ಆಷಾಢ ಬಂತೆಂದು ಯಾಕೆ ನಿಲ್ಲಿಸುತ್ತಾನೆ?

ವರದಿಯ ಪುಟಗಳನ್ನು ಆಕೆಯ ಮುಂದೆಯೇ ಹರಿದೆ. “ಯಾಕ್ಸಾ, ತಪ್ಪಿತ್ತಾ?” ಎಂದರು. “ಮೇಲ್ನೋಟಕ್ಕೆ ಸರಿಯಾಗೇ ಇತ್ತು,” ಎಂದೆ.

ಮಂಟಪದ ಮ್ಯಾನೇಜರು ಕಷ್ಟ ಕೊಡಲಿಲ್ಲ. ಕೇಳಿದ ಕೂಡಲೇ ಒಪ್ಪಿಕೊಂಡರು. ದಿನಾ ಸರದಿ ನೋಡಲು ನಮ್ಮ ಪುಟ ತೆರೆಯುತ್ತಿದ್ದರಂತೆ, ಒಂದು ದಿನ ಕೆಳಗಿನ ಚೌಕದಲ್ಲಿ ಸುಮ್ಮನೆ ಗಂಗಮ್ಮ ತಾಯಿ ಎಂದು ಹಾಕಿ ನೋಡಿದರಂತೆ. “ತಕಂಡ್ಬುಡ್ತು ಸಾ,” ಎಂದರು, ಇನ್ನೂ ಆಶ್ಚರ್ಯ ಆರದವರಂತೆ. “ಎಂಟ್ನೂರ್ ಜನ ಉಂಡು ಕೈ ತೊಳೀಬೇಕಲ್ಲ. ತಾಯಿ ಕೊಟ್ಟವ್ಳೆ ಅಂದ್ಕಂಡಿ.” ಅವರ ಮೇಲಿನ ಕ್ರಮ ಸಾಹೇಬರ ಪಾಲಿಗೆ ಬಿತ್ತು. ಅದು ಬೇರೆ ಕಡತ.

ಅದೇ ವಾರ ಗಿರೀಶ ಹೊಸ ವೇಷದೊಂದಿಗೆ ಬಂದ. ಈ ಸಲ ಹೊಸ ಪಾಸ್‌ವರ್ಡನ್ನು ಹಿಂದುಮುಂದಾಗಿ ಬರೆದು, ಮೂರು ತುಂಡು ಮಾಡಿ, ಮೂರು ಕಡೆ ಹುದುಗಿಸಿದ್ದ. “ಈಗ ಬ್ರಹ್ಮ ಬಂದ್ರೂ ಆಗಲ್ಲ ಸರ್,” ಎಂದ. ನಾನು ಬ್ರಹ್ಮನನ್ನು ತೊಂದರೆಗೊಳಿಸದೆ ಅವನನ್ನೇ ನಾಗರತ್ನಮ್ಮನ ಅಂಗಡಿಗೆ ಕರೆದುಕೊಂಡು ಹೋದೆ. ಆಕೆ ಒಂದು ಲಗ್ನಪತ್ರಿಕೆಗೆ ಗಣಪತಿ ಕೂರಿಸುತ್ತಿದ್ದರು. ಕೋಡಿನ ಹಾಳೆಗಳ ಮೇಲೆ ಕಣ್ಣಾಡಿಸಿ, ಸ್ವಲ್ಪ ಹೊತ್ತಿನಲ್ಲೇ ಮೂರನೇ ಹಾಳೆಗೆ ಬೆರಳಿಟ್ಟರು.

“ಇಲ್ಲೇ ಬರ್ದಿದ್ದೀಯಲ್ಲಪ್ಪ, ಇದ ಅದುಕ್ಕೆ ಸೇರ್ಸು, ಅದ ಇದುಕ್ಕೆ ಸೇರ್ಸು, ಆಮ್ಯಾಕೆ ತಿರುವಾಕು ಅಂತ. ಕಂಪ್ಯೂಟ್ರುಗೆ ದಾರಿ ಯೋಳ್ಕೊಟ್ಬುಟ್ಟು, ನಾವು ಆ ದಾರೀಲಿ ಓಗ್ಬಾರ್ದು ಅಂದ್ರೆ ಎಂಗೆ?”

ಆಕೆ ಹೇಳಿದ್ದೇ ತತ್ತ್ವ. ಎಷ್ಟು ವೇಷ ಹಾಕಿದರೂ ಅದನ್ನು ಕಳಚುವ ವಿಧಾನ ಪ್ರೋಗ್ರಾಮಿಗೆ ಗೊತ್ತಿರಲೇಬೇಕು, ಆದ್ದರಿಂದ ಅದು ಪ್ರೋಗ್ರಾಮಿನೊಳಗೇ ಬರೆದಿರಲೇಬೇಕು. ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಸೂರಿಗೆ ಸಿಕ್ಕಿಸಿ, ಸೂರಿನಲ್ಲಿ ಹುಡುಕಿ ಎಂದು ಬಾಗಿಲ ಮೇಲೆ ಬರೆದ ಹಾಗೆ.

“ಹಾಗಾದರೆ ನಿಜವಾದ ಭದ್ರತೆ ಅಂತ ಒಂದು ಇದೆಯೋ ಇಲ್ಲವೋ?” ಎಂದು ಗಿರೀಶನನ್ನು ಕೇಳಿದೆ.

“ಇದೆ ಸರ್.”

“ಮತ್ತೆ ಯಾಕೆ ಮಾಡಲಿಲ್ಲ?”

“ನೀವು ಕೇಳ್ಲಿಲ್ಲ ಸರ್. ಟೆಂಡರಿನಲ್ಲಿ ‘ಓದಲು ಬಾರದಂತಿರಬೇಕು’ ಅಂತ ಮಾತ್ರ ಇತ್ತು.”

ಟೆಂಡರಿನ ಆ ವಾಕ್ಯ ನನ್ನದೇ.

ಅವನು ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಪಾಸ್‌ವರ್ಡನ್ನು ಎಲ್ಲಿಯೂ ಇಡುವುದೇ ಇಲ್ಲ. ಅದನ್ನು ಬೀಸಿ ಹಿಟ್ಟು ಮಾಡಿ, ಹಿಟ್ಟನ್ನಷ್ಟೇ ಇಡುತ್ತಾರೆ. ಹ್ಯಾಶ್ ಎಂದು ಅದರ ಹೆಸರು. ರಾಗಿಯನ್ನು ಬೀಸಿ ಹಿಟ್ಟು ಮಾಡಬಹುದು, ಹಿಟ್ಟಿನಿಂದ ಮತ್ತೆ ಕಾಳು ಕಟ್ಟಲು ಯಾರಿಗೂ ಆಗದು. ಬಂದವನು ಕೊಟ್ಟ ಪದವನ್ನೂ ಅದೇ ಕಲ್ಲಿನಲ್ಲಿ ಬೀಸುತ್ತಾರೆ. ಅದೇ ಹಿಟ್ಟು ಬಂದರೆ ಅದೇ ಕಾಳು ಎಂದು ಬಾಗಿಲು ತೆರೆಯುತ್ತದೆ. ಇಬ್ಬರು ಒಂದೇ ಪದ ಇಟ್ಟುಕೊಂಡರೂ ಹಿಟ್ಟು ಬೇರೆಯಾಗಲಿ ಎಂದು ಬೀಸುವ ಮೊದಲು ಒಬ್ಬೊಬ್ಬರದಕ್ಕೂ ಬೇರೆ ಬೇರೆ ಚಿಟಿಕೆ ಬೆರೆಸುತ್ತಾರೆ. ಅದನ್ನು ಅವರು ಸಾಲ್ಟ್ ಎಂದೇ ಕರೆಯುತ್ತಾರೆ, ಉಪ್ಪು. ಇದು ನಾನು ಕಟ್ಟಿದ ಮಾತಲ್ಲ. ಮುಖ್ಯವಾದದ್ದು ಇನ್ನೊಂದು. ‘ಆಪರೇಟರ್’ ಎಂಬ ಅನಾಮಿಕ ಹೋಗಬೇಕು. ಪ್ರತಿಯೊಬ್ಬರಿಗೂ ಅವರವರ ಹೆಸರು, ಅವರವರೇ ಇಟ್ಟುಕೊಂಡ ಪಾಸ್‌ವರ್ಡ್. ಬೇಕಾದಾಗ ಬದಲಾಯಿಸಬಹುದು, ಒಬ್ಬರದನ್ನು ಮಾತ್ರ ರದ್ದು ಮಾಡಬಹುದು. ಇಷ್ಟಾದ ಮೇಲೆ ಇಡೀ ಕೋಡನ್ನು ಬಸ್ ನಿಲ್ದಾಣದಲ್ಲಿ ಅಂಟಿಸಿದರೂ ಚಿಂತೆಯಿಲ್ಲ ಎಂದ ಗಿರೀಶ. ‘ಗೋಪ್ಯ’ ಮುದ್ರೆಯ ಮೇಲೆ ಮೂವತ್ತಮೂರು ವರ್ಷ ಬದುಕಿದ ನನಗೆ ಅದನ್ನು ನುಂಗುವುದು ಕಷ್ಟವಾಯಿತು.

ಉಳಿದದ್ದು ಹೊಸ ವರದಿ. ಹದಿನೈದನೇ ದಿನ ಬೆಳಿಗ್ಗೆ ಕರಡನ್ನು ಸಾಹೇಬರ ಮುಂದಿಟ್ಟೆ. ಓದಿ, ಬಾಗಿಲು ಮುಚ್ಚಿಸಿದರು.

“ಇದರಲ್ಲಿ ನಿಮ್ಮ ಸರ್ಟಿಫಿಕೇಟ್ ವಿಷಯ ಯಾಕ್ರೀ? ಕೋಡ್ ಹೊರಗಡೆ ಪ್ರಿಂಟ್ ಹಾಕಿಸಿದ್ದನ್ನೂ ಬರೆದದ್ದು ಯಾಕೆ? ನಿವೃತ್ತಿ ಹತ್ತಿರ ಇದೆ. ‘ತಾಂತ್ರಿಕ ದೋಷ’ ಅಂತ ಒಂದು ಸಾಲು ಬರೀರಿ. ಅವನಿಗೂ ಶಿಕ್ಷೆ ಆಗಲ್ಲ, ನಿಮಗೂ ಆಗಲ್ಲ.”

ಮಾತಿನಲ್ಲಿ ಕೇಡು ಇರಲಿಲ್ಲ. ಒಂದು ಗಳಿಗೆ ನನಗೂ ರುಚಿಸಿತು. ಆದರೆ ತಾಂತ್ರಿಕ ದೋಷ ಎಂದರೆ ಯಾರು ತೆರೆದರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪಟ್ಟಿ ನೋಡುವ ಮೇಲಿನವರು ಮಾದೇವಸ್ವಾಮಿಯ ಹೆಸರಿನ ಪಕ್ಕ ‘ಹೆಂಡತಿಯ ತವರು’ ಎಂದು ಓದಿ, ‘ಮುಂದಿನ ಪಟ್ಟಿಗೆ ಪರಿಶೀಲಿಸಬಹುದು’ ಎಂದು ಬರೆಯುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಬರೆಯುತ್ತಿದ್ದೆ. ಅವನು ಪೂರ್ತಿ ಬಿಡುಗಡೆಯಾಗಬೇಕಾದರೆ ಗುಟ್ಟು ಹೊರಗೆ ಹೋದ ದಾರಿ ಪೂರ್ತಿ ಕಾಣಬೇಕು. ಆ ದಾರಿ ನನ್ನ ಚೀಲದಿಂದಲೇ ಹೊರಟಿತ್ತು.

“ಹೀಗೇ ಹೋಗಲಿ ಸರ್,” ಎಂದೆ.

ಹೋಯಿತು. ಮಾದೇವಸ್ವಾಮಿಯ ಹೆಸರು ಪಟ್ಟಿಯಲ್ಲಿ ಉಳಿಯಿತು, ನಾಲ್ಕು ತಿಂಗಳಿಗೆ ಆದೇಶ ಬಂತು. ನನಗೆ ಅದಕ್ಕೂ ಮೊದಲೇ ಬಂತು: ಗೋಪ್ಯ ದಾಖಲೆಯನ್ನು ಖಾಸಗಿ ಅಂಗಡಿಯಲ್ಲಿ ಮುದ್ರಿಸಿದ್ದಕ್ಕೆ ವಾಗ್ದಂಡನೆ, ಸೇವಾ ಪುಸ್ತಕದಲ್ಲಿ ನಮೂದು. ಆ ಆದೇಶವೂ ಮೂರು ಪ್ರತಿಗಳಲ್ಲಿತ್ತು.

ಹೊಸ ವ್ಯವಸ್ಥೆ ಬಂದ ದಿನ ಮಾದೇವಸ್ವಾಮಿ ಪಂಪ್‌ಹೌಸಿನ ಕಂಪ್ಯೂಟರಿನ ಮುಂದೆ ಕೂತು, ನಮಗೆ ಬೆನ್ನು ತಿರುಗಿಸಿ, ಒಂದೊಂದೇ ಅಕ್ಷರ ಒತ್ತಿ ತನ್ನ ಪಾಸ್‌ವರ್ಡ್ ಇಟ್ಟುಕೊಂಡ. ನಾನು ಅಭ್ಯಾಸಬಲದಿಂದ ಕೇಳಿದೆ, “ಏನು ಇಟ್ಟೆಯೋ? ಲಕೋಟೆಯಲ್ಲಿ ಹಾಕಿಡೋಣ.”

“ಯೋಳಕಿಲ್ಲ ಸಾ,” ಎಂದ. “ಬ್ಯಾಸ್ರ ಮಾಡ್ಕಬ್ಯಾಡಿ.”

“ನನಗೂ ಇಲ್ಲವೇನಯ್ಯಾ?”

“ನಿಮ್ಗಂತೂ ಯೋಳಕಿಲ್ಲ.”

ಇದಾಗಿ ಒಂದೂವರೆ ತಿಂಗಳಿಗೆ, ಒಂದು ಬೆಳಿಗ್ಗೆ ನಾನು ಇನ್ನೂ ಟೋಪಿ ತೆಗೆಯುವ ಮೊದಲೇ ಮಾದೇವಸ್ವಾಮಿ ಶಾಖೆಗೆ ಬಂದ. ಕೈಯಲ್ಲಿ ಲಾಗಿನ ಒಂದು ಹಾಳೆ. ಹೂಗ್ಯಂ ಕಡೆಯ ಕೊನೆಯ ಟ್ಯಾಂಕಿಗೆ ಹಿಂದಿನ ದಿನ ಹತ್ತು ನಿಮಿಷ ನೀರು ನಿಂತಿತ್ತು ಎಂದು ದೂರು ಬಂದಿತ್ತಂತೆ. ಅವನ ಮುಖದ ಮೇಲೆ ಎಂದೂ ಕಾಣದ ಒಂದು ಕಳೆ. ಹಾಳೆಯನ್ನು ನನ್ನ ಮುಂದೆ ಹರಡಿ ಒಂದು ಸಾಲಿಗೆ ಬೆರಳಿಟ್ಟ.

“ತಪ್ಪು ವಾಲು ತಿರುಗ್ಸ್‌ಬುಟ್ಟಿ ಸಾ. ನಾನೇಯ. ನೋಡಿ, ನನ್ನೆಸ್ರೇ ಅದೆ, ಮಾದೇವಸ್ವಾಮಿ ಅಂತ.”

ನೋಡಿದೆ. ಅವನ ಹೆಸರೇ ಇತ್ತು, ಹತ್ತೂ ಕಾಲರಿಂದ ಹತ್ತು ಇಪ್ಪತ್ತೈದರವರೆಗೆ.

“ಇನ್ಯಾರೂ ಇಲ್ಲ,” ಎಂದ. “ನಾನೊಬ್ನೇ.”

ಮೂವತ್ತಮೂರು ವರ್ಷದಲ್ಲಿ ತಪ್ಪೊಪ್ಪಿಗೆಗಳನ್ನು ನಾನು ಬಹಳ ಕೇಳಿದ್ದೇನೆ. ಇಷ್ಟು ನೆಟ್ಟಗೆ ನಿಂತು ಹೇಳಿದ್ದನ್ನು ಕೇಳಿದ್ದು ಅದೊಂದೇ. ಹದಿನೇಳು ವರ್ಷ ಆ ಪೈಪಿನಲ್ಲಿ ಏನೇ ಎಡವಟ್ಟಾದರೂ ಅದು ಅವನದಿರಬಹುದು ಎಂಬ ನೆರಳಿನಲ್ಲೇ ಅವನು ಕೆಲಸ ಮಾಡಿದ್ದ. ಈಗ ಮೊದಲ ಸಲ ಅವನಿಗೆ ಅವನ ತಪ್ಪು ಮಾತ್ರ ಸೇರಿತ್ತು, ಉಳಿದವರದ್ದು ಸೇರಿರಲಿಲ್ಲ. ಭದ್ರತೆ ಎಂದರೆ ಕಳ್ಳನನ್ನು ಹೊರಗಿಡುವುದು ಎಂದೇ ನಾನು ತಿಳಿದಿದ್ದೆ. ಒಳಗಿರುವ ಪ್ರಾಮಾಣಿಕನಿಗೆ ‘ನಾನಲ್ಲ’ ಎಂದು ಹೇಳಲು ಬಲ ಕೊಡದ ಬೀಗ ಬೀಗವೇ ಅಲ್ಲ ಎಂಬುದನ್ನು ಅವತ್ತು ಕಲಿತೆ.

“ಮೆಮೋ ಕೊಡ್ತೀರಾ ಸಾ?” ಎಂದು ಕೇಳಿದ.

“ಹತ್ತು ನಿಮಿಷಕ್ಕೆ ಯಾರು ಮೆಮೋ ಕೊಡುತ್ತಾರೆ, ಹೋಗಯ್ಯಾ.”

ಅವನಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಹಾಳೆಯನ್ನು ಮಡಿಸಿ, ಜೋಪಾನವಾಗಿ ಅಂಗಿಯ ಜೇಬಿಗೆ ಇಟ್ಟುಕೊಂಡು ಹೋದ.